ಕೊಳವೆಯಲ್ಲಿ ನಿಂತ ಔಷಧ, ಇಲಿಯಲ್ಲಿ ಹರಿದುಹೋದ ಔಷಧ

ಸೆಫ್ಟಾಜಿಡೈಮ್ ಎಂಬ ಪ್ರತಿಜೀವಕವು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತದೆ ಎಂದು ನೋಡುವುದು ನನಗೆ ವಹಿಸಿದ ಮೊದಲ ಕೆಲಸ. ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ, ಸುಲಭವಾಗಿಯೇ ಸಿಕ್ಕಿತು. ಬ್ಯಾಕ್ಟೀರಿಯಾ ಬೆಳೆಸುವ ಮ್ಯುಲರ್-ಹಿಂಟನ್ ದ್ರವದಲ್ಲಿ ಮಿಲಿಲೀಟರಿಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ, ಪರೀಕ್ಷಾ ತಟ್ಟೆಯ ಗುಳಿಯಿಂದ ಗುಳಿಗೆ ಅರ್ಧಕ್ಕಿಳಿಯುವ ಔಷಧ, 35 ಡಿಗ್ರಿಯಲ್ಲಿ ಒಂದು ರಾತ್ರಿ. ಬೆಳಿಗ್ಗೆ ನೋಡಿದರೆ ಮಿಲಿಲೀಟರಿಗೆ 2 ಮೈಕ್ರೊಗ್ರಾಂ ಇದ್ದ ಗುಳಿ ತಿಳಿಯಾಗಿತ್ತು. ರಾತ್ರಿಯಲ್ಲಿ ಏನೇನು ನಡೆಯಿತು ಎಂಬುದನ್ನು ಮಾತ್ರ ಆ ಗುಳಿ ಹೇಳಲಿಲ್ಲ.

ಅದಕ್ಕಾಗಿ ಟೈಮ್-ಕಿಲ್ ಪರೀಕ್ಷೆಗೆ ಇಳಿದೆ. ಎಂಐಸಿಯ ನಾಲ್ಕು ಪಟ್ಟು ಔಷಧ ಹಾಕಿ, ಆಗಾಗ ಮಾದರಿ ತೆಗೆದು ತಟ್ಟೆಗೆ ಹರಡಿ, ಕಾಲೊನಿಗಳನ್ನು ಎಣಿಸುವ ಕೆಲಸ. ಆರನೆಯ ಗಂಟೆಯಲ್ಲಿ ಎಡವಿದೆ. ನೇರವಾಗಿ ಹರಡಿದ ತಟ್ಟೆಯಲ್ಲಿ 4 ಕಾಲೊನಿ, ಹತ್ತು ಪಟ್ಟು ತೆಳುಮಾಡಿ ಹರಡಿದ್ದರಲ್ಲಿ 60! ತಟ್ಟೆಗಳ ಚೀಟಿ ಅದಲುಬದಲಾಗಿದೆಯೆಂದು ಇಡೀ ಪ್ರಯೋಗವನ್ನು ಮತ್ತೆ ಮಾಡಿದೆ. ಮತ್ತೆ ಅದೇ ಕಥೆ. ಮಾದರಿಯ ಜೊತೆಗೇ ಔಷಧವೂ ತಟ್ಟೆಗೆ ಬರುತ್ತಿತ್ತು. ಕೊಳವೆಯಲ್ಲಿ ಬದುಕಿದ್ದವನ್ನು ಅದು ತಟ್ಟೆಯ ಮೇಲೆ ಮುಗಿಸುತ್ತಿತ್ತು; ತೆಳುಮಾಡಿದಲ್ಲಿ ಅದರ ಬಲವೂ ತಗ್ಗುತ್ತಿತ್ತು. ನಾನು ಅದನ್ನೂ ಔಷಧದ ಪರಾಕ್ರಮವೆಂದೇ ಬರೆದುಕೊಂಡಿದ್ದೆ. ಆಮೇಲೆ ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ಲವಣ ದ್ರಾವಣದಲ್ಲಿ ಎರಡು ಸಲ ತೊಳೆದು ಹರಡತೊಡಗಿದೆ.

ಇನ್ನೊಂದು ಕೊಳವೆಯೂ ದಾರಿ ತಪ್ಪಿಸಿತು. ಎಂಐಸಿಯ ಆಸುಪಾಸಿನ ಪ್ರಮಾಣದಲ್ಲಿ ದ್ರವ ಕದಡುತ್ತಲೇ ಹೋಯಿತು, ಕಾಲೊನಿಗಳ ಎಣಿಕೆ ಮಾತ್ರ ಏರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಿಡ್ಡ ಕಡ್ಡಿಗಳ ಬದಲು ಉದ್ದುದ್ದ ಎಳೆಗಳು. ಈ ಔಷಧ ಜೀವಕೋಶ ಎರಡಾಗುವಾಗ ನಡುವಿನ ಗೋಡೆ ಕಟ್ಟುವ ಪ್ರೋಟೀನನ್ನು ಹಿಡಿದುಬಿಡುತ್ತದೆ. ಕೋಶ ಬೆಳೆಯುತ್ತದೆ, ಒಡೆದು ಎರಡಾಗುವುದಿಲ್ಲ. ಆ ವರ್ಷದಲ್ಲಿ ನಾನು ಕಂಡ ಅತ್ಯಂತ ಸುಂದರ ದೃಶ್ಯ ಅದೇ ಇರಬೇಕು.

ಪ್ರಾಣಿ ಪ್ರಯೋಗದ ನೈತಿಕ ಸಮಿತಿ ಒಪ್ಪಿದ ಮೇಲೆ ಇಲಿಗಳ ಸರದಿ. ಸೋಂಕಿಗೆ ನಾಲ್ಕು ದಿನ ಮೊದಲು ಕಿಲೊ ತೂಕಕ್ಕೆ 150 ಮಿಲಿಗ್ರಾಂ, ಹಿಂದಿನ ದಿನ 100 ಮಿಲಿಗ್ರಾಂ, ಬಿಳಿ ರಕ್ತಕಣಗಳನ್ನು ಕುಗ್ಗಿಸುವ ಸೈಕ್ಲೊಫಾಸ್ಫಮೈಡ್ ಕೊಟ್ಟೆವು. ಆ ಕಣಗಳಲ್ಲಿ ಬ್ಯಾಕ್ಟೀರಿಯಾದೊಡನೆ ಹೋರಾಡುವ ನ್ಯೂಟ್ರೊಫಿಲ್‌ಗಳು ಕುಸಿದಿದ್ದರೆ ತೊಡೆಯಲ್ಲಿ ಕಾಣುವುದು ಬಹುಮಟ್ಟಿಗೆ ಔಷಧದ್ದೇ ಕೆಲಸ. ಅರಿವಳಿಕೆ ಕೊಟ್ಟು ತೊಡೆಗೆ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ಚುಚ್ಚಿ, ಎರಡು ಗಂಟೆ ಬಿಟ್ಟು ದಿನದ ಇಡೀ ಔಷಧವನ್ನು ಒಂದೇ ಸಲಕ್ಕೆ ಕೊಟ್ಟೆ. ಮರುದಿನ ತೊಡೆ ಅರೆದು ಎಣಿಸಿದರೆ ಔಷಧ ಕಾಣದ ಇಲಿಗಳಿಗೂ ಇವಕ್ಕೂ ಹೆಚ್ಚು ಅಂತರವೇ ಇರಲಿಲ್ಲ.

ಕೊಳವೆಯಲ್ಲಿ ಔಷಧ ಹಾಕಿದಷ್ಟೇ ನಿಂತಿರುತ್ತದೆ. ಮನುಷ್ಯನಲ್ಲಿ ಈ ಔಷಧದ ಅರ್ಧಾಯು, ಅಂದರೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯುವ ಹೊತ್ತು, ಸುಮಾರು ಎರಡು ಗಂಟೆ. ಇಲಿಯ ಮೂತ್ರಪಿಂಡ ಅದನ್ನು ನಿಮಿಷಗಳ ಲೆಕ್ಕದಲ್ಲಿ ಹೊರಹಾಕುತ್ತದೆ. ಇದು ಪುಸ್ತಕದಲ್ಲಿ ಓದಿದ್ದೇ. ಸೆಫ್ಟಾಜಿಡೈಮ್, ಪೆನಿಸಿಲಿನ್ ಸೇರಿದ ಬೀಟಾ-ಲ್ಯಾಕ್ಟಮ್‌ಗಳಿಗೆ ಪ್ರಮಾಣದ ಎತ್ತರಕ್ಕಿಂತ ಎಂಐಸಿಯ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಮುಖ್ಯವೆಂದು 1950ರ ಆಸುಪಾಸಿನಲ್ಲೇ ಅಮೆರಿಕದ ಸಂಶೋಧಕ ಹ್ಯಾರಿ ಈಗಲ್ ಪೆನಿಸಿಲಿನ್‌ನಲ್ಲಿ ತೋರಿಸಿದ್ದರು. ಓದಿದ್ದು ಕೈಗೆ ಬಂದಿರಲಿಲ್ಲ, ಅಷ್ಟೆ.

ಮುಂದಿನ ಸಲ ಅದೇ ಒಟ್ಟು ಪ್ರಮಾಣವನ್ನು ಹನ್ನೆರಡು ಪಾಲು ಮಾಡಿ ಎರಡೆರಡು ಗಂಟೆಗೊಮ್ಮೆ ಚುಚ್ಚಿದೆವು, ರಾತ್ರಿಯಿಡೀ ಇಬ್ಬರು ಸರದಿಯಲ್ಲಿ. ಎಣಿಕೆ ಆರಂಭದ ಮಟ್ಟಕ್ಕಿಂತ ಹತ್ತು ಪಟ್ಟಿಗೂ ಕೆಳಗಿಳಿಯಿತು. ಅಮಿನೊಗ್ಲೈಕೊಸೈಡ್ ಎಂಬ ಇನ್ನೊಂದು ಬಗೆಯ ಪ್ರತಿಜೀವಕ ಆಗಿದ್ದರೆ ಹೀಗೆ ಹಂಚಿದ್ದೇ ತಪ್ಪಾಗುತ್ತಿತ್ತು. ಅದಕ್ಕೆ ಎತ್ತರದ ಏಟು ಬೇಕು.

ಕೊಳವೆಯನ್ನು ನಂಬಿ ಕೆಟ್ಟವನು ಇಲಿಯನ್ನೇ ನಂಬಬೇಕೆಂದೂ ಇಲ್ಲ. ಹಳೆಯ ಸಲ್ಫಾ ಔಷಧ ಪ್ರೊಂಟೊಸಿಲ್ ಕೊಳವೆಯಲ್ಲಿ ಏನೂ ಮಾಡಲಿಲ್ಲ, ಇಲಿಯನ್ನು ಉಳಿಸಿತು. ದೇಹ ಅದನ್ನು ಒಡೆದಾಗಲೇ ಕೆಲಸ ಮಾಡುವ ಭಾಗವಾದ ಸಲ್ಫನಿಲಮೈಡ್ ಹೊರಬರುವುದು. ಮತ್ತೊಂದು ಪ್ರತಿಜೀವಕವಾದ ಮೆರೊಪೆನೆಮ್‌ನದು ತಿರುವುಮುರುವು: ಇಲಿಯ ಮೂತ್ರಪಿಂಡದ ಕಿಣ್ವ ಅದನ್ನು ಮನುಷ್ಯನಲ್ಲಿ ಆಗುವುದಕ್ಕಿಂತ ಬಹಳ ಬೇಗ ಕೆಡಿಸುತ್ತದೆ.

ಈಗ ಯಾವ ಹೊಸ ಔಷಧ ಬಂದರೂ ಸೋಂಕಿಲ್ಲದ ಇಲಿಗಳ ರಕ್ತದಲ್ಲಿ ಅದು ಎಷ್ಟು ಹೊತ್ತು ಇರುತ್ತದೆ, ಎಷ್ಟು ಭಾಗ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುತ್ತದೆ ಎಂದು ಅಳೆದ ಮೇಲೆಯೇ ಚುಚ್ಚುವ ವೇಳಾಪಟ್ಟಿ ಬರೆಯುತ್ತೇನೆ. ಅರೆದ ತೊಡೆಯ ಮಾದರಿಯನ್ನೂ ತೊಳೆಯದೆ ಹರಡುವುದಿಲ್ಲ.