ಹೊಸ ಲೇಖಕರು ಬೇಕಾ? ಇಂಪ್ರಿಂಟ್ ಪುಟ ಓದಿ

ಮುಂಬೈಯಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಕೇಳುವವರು ಜಾಸ್ತಿ. ಸಿಕ್ಕರೂ ಅದೇ ನಾಲ್ಕೈದು ದೊಡ್ಡ ಹೆಸರುಗಳು, ಅಲ್ವಾ? ಹೆಚ್ಚು ಜನಕ್ಕೆ ಗೊತ್ತಿಲ್ಲದ ಲೇಖಕರನ್ನು ಹುಡುಕಲು ನಾನು ನಂಬಿರುವ ದಾರಿ ಒಂದೇ. ಕೈಯಲ್ಲಿರುವ ಪುಸ್ತಕವನ್ನೇ ಕೇಳಿ, ಮುಂದಿನದನ್ನು ಅದೇ ತೋರಿಸುತ್ತದೆ.

ಮೊದಲ ಪುಸ್ತಕಕ್ಕೆ ಕನ್ನಡ ಸಂಘಗಳ ಸಭೆಗಳಿಗೆ ಹೋಗಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಮಾಹಿಮ್‌ನಲ್ಲಿ ಕರ್ನಾಟಕ ಸಂಘ ಇದೆ. ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವಂತೂ ಪುಸ್ತಕಗಳನ್ನೂ ಪ್ರಕಟಿಸುತ್ತದೆ. ಪುಸ್ತಕ ಬಿಡುಗಡೆ ಇದ್ದರೆ ಭಾಷಣ ಮುಗಿದ ತಕ್ಷಣ ಎದ್ದು ಹೋಗಬೇಡಿ, ಬಾಗಿಲ ಹತ್ತಿರ ಪುಸ್ತಕ ಮಾರುವ ಮೇಜು ನೋಡಿ.

ಪುಸ್ತಕ ಕೈಗೆ ಬಂದಾಗ ಮುಖಪುಟ ಬಿಡಿ, ಒಳಗಿನ ಇಂಪ್ರಿಂಟ್ ಪುಟ, ಅಂದರೆ ಪ್ರಕಾಶಕರು, ಮುದ್ರಣದ ವಿವರ ಇರುವ ಪುಟ ತೆಗೆಯಿರಿ. ಕನ್ನಡ ಪುಸ್ತಕಗಳಲ್ಲಿ ಎಷ್ಟು ಪ್ರತಿ ಅಚ್ಚಾಗಿದೆ ಅಂತಲೂ ಅಲ್ಲೇ ಹಾಕುವ ಪದ್ಧತಿ ಇದೆ. ‘ಮೊದಲ ಮುದ್ರಣ, ಪ್ರತಿಗಳು 500’ ಅಂತ ಇದ್ದರೆ ನಾನು ಅದನ್ನು ಕೆಳಗಿಡುವುದೇ ಇಲ್ಲ. ಆಮೇಲೆ ಲೇಖಕರ ಮುನ್ನುಡಿ ‘ನನ್ನ ಮಾತು’ ಓದಿ. ಯಾವ ಕಥೆ ಯಾವ ಪತ್ರಿಕೆಯಲ್ಲಿ ಬಂತು, ಕರಡು ಓದಿ ತಿದ್ದಿದ ಗೆಳೆಯರು ಯಾರು ಅಂತ ಲೇಖಕರು ಅಲ್ಲಿ ನೆನೆಯುತ್ತಾರೆ. ಆ ಗೆಳೆಯರಲ್ಲಿ ಒಬ್ಬಿಬ್ಬರಾದರೂ ಬರೆಯುವವರೇ ಆಗಿರುತ್ತಾರೆ.

ಒಮ್ಮೆ ಮಾಟುಂಗದಲ್ಲಿ 80 ರೂಪಾಯಿಗೆ ಒಂದು ಕಥಾಸಂಕಲನ ಕೊಂಡು, ಡೊಂಬಿವಲಿಯ ಸ್ಲೋ ಲೋಕಲ್‌ನಲ್ಲಿ ಬಾಗಿಲ ಕಂಬ ಹಿಡಿದು ನಿಂತೇ ಎರಡು ಕಥೆ ಓದಿದೆ. ‘ನನ್ನ ಮಾತಿ’ನಲ್ಲಿ ಮೂರು ಹೆಸರಿದ್ದವು, ಒಂದನ್ನೂ ನಾನು ಕೇಳಿರಲಿಲ್ಲ. ಇಂಪ್ರಿಂಟ್ ಪುಟದಲ್ಲಿದ್ದ ಪ್ರಕಾಶಕರ ನಂಬರಿಗೆ ಫೋನ್ ಮಾಡಿದರೆ ಎತ್ತಿದ್ದು ಲೇಖಕರೇ! ಆ ಮೂವರಲ್ಲಿ ಇಬ್ಬರ ಪುಸ್ತಕವನ್ನು ಅವರೇ ಪೋಸ್ಟಿನಲ್ಲಿ ಕಳಿಸಿಕೊಟ್ಟರು. ಸಣ್ಣ ಪ್ರಕಾಶಕರಲ್ಲಿ ಹೀಗೆ ನಡೆಯುತ್ತದೆ, ಸಂಕೋಚ ಬೇಡ.

ಚೊಚ್ಚಲ ಪುಸ್ತಕಗಳೇ ಬೇಕಿದ್ದರೆ ಇನ್ನೆರಡು ಗುರುತುಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ‘ಛಂದ ಪುಸ್ತಕ’ ಪ್ರಕಾಶನ ಅಪ್ರಕಟಿತ ಕಥಾಸಂಕಲನಗಳಿಗೆ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ಅಚ್ಚು ಹಾಕುತ್ತದೆ. ಹೀಗೆ ಆಯ್ಕೆಯಾದವರ ಹೆಸರು ಬರೆದಿಟ್ಟುಕೊಳ್ಳಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಯಲ್ಲಂತೂ ಮೊದಲ ಬಹುಮಾನಕ್ಕಿಂತ ಮೆಚ್ಚುಗೆ ಪಡೆದವರ ಪಟ್ಟಿ ನೋಡಿ, ನನಗೆ ಇಷ್ಟವಾದವರು ಜಾಸ್ತಿ ಅಲ್ಲೇ ಸಿಕ್ಕಿದ್ದು. ಅಚ್ಚಿನ ಪುಸ್ತಕ ಸಿಗದಿದ್ದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಇ-ಬುಕ್, ಆಡಿಯೊಬುಕ್ ಹುಡುಕಿ.

ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ಮಾತ್ರ ಸ್ವಲ್ಪ ಗಟ್ಟಿ ಪರೀಕ್ಷೆ ಬೇಕು. ನಡುವಿನ ಯಾವುದಾದರೂ ಹತ್ತು ಪುಟ ಓದಿ. ಉದಾಹರಣೆಗಳೆಲ್ಲ ವಿದೇಶಿ ಕೋಟ್ಯಧೀಶರದ್ದೇ ಆಗಿದ್ದರೆ ವಾಪಸ್ ಇಡಿ. ತರಗತಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ತಾವು ಕಂಡದ್ದನ್ನು, ಅಲ್ಲಿ ತಾವು ಎಡವಿದ್ದನ್ನೂ ಬರೆದವರಾದರೆ ಕೊಳ್ಳಿ. ಇಂಥವರ ಪುಸ್ತಕ ಅಂಗಡಿಯ ಮುಂದಿನ ಸಾಲಿನಲ್ಲಿ ಇರುವುದು ಕಡಿಮೆ. ಕೆಳಗಿನ ಕಪಾಟನ್ನು ಕೂತು ನೋಡಬೇಕು.

ಓದಿ ಇಷ್ಟವಾದರೆ ಇಂಪ್ರಿಂಟ್ ಪುಟದ ಆ ನಂಬರಿಗೆ ಇನ್ನೊಂದು ಸಲ ಫೋನ್ ಮಾಡಿ. ಯಾವ ಕಥೆ ಯಾಕೆ ಹಿಡಿಸಿತು ಅಂತ ಹೇಳಿ, ಆಮೇಲೆ ಕೇಳಿ: ‘ಈಗ ನೀವು ಯಾರನ್ನು ಓದ್ತಾ ಇದ್ದೀರಿ?’