ಮೆಣಸಿನಕಾಯಿ ಬೀಜ ಮತ್ತು ಚಿತ್ರಕಥೆಯ ನಡುಭಾಗ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ನಾನು ಬರೆದ ಚಿತ್ರಕಥೆಯ ಮೊದಲ ಕರಡು 142 ಪುಟಗಳಷ್ಟಿತ್ತು. ಕಣ್ಣಾರೆ ಕಂಡದ್ದೆಲ್ಲವೂ ಅದರಲ್ಲಿತ್ತು: ನಸುಕಿನಲ್ಲಿ ಟ್ರ್ಯಾಕ್ಟರಿನಿಂದ ಇಳಿಯುವ ಚೀಲಗಳು, ದಲಾಲಿ ಅಂಗಡಿಯ ಮುಂದೆ ಬಾಯಿ ಬಿಚ್ಚಿಟ್ಟ ಲಾಟುಗಳು, ಘಾಟಿಗೆ ಮೂಗಿಗೆ ಟವೆಲ್ ಸುತ್ತಿಕೊಂಡ ಹಮಾಲರು, ಒಂದೊಂದು ಕಾಯಿಯನ್ನು ಮುರಿದು ಬಣ್ಣ ನೋಡಿ ಟೆಂಡರಿಗೆ ದರ ಹಾಕುವ ಖರೀದಿದಾರರು, ದರ ಗೊತ್ತಾದ ಮೇಲೆ ಕೊಡಬೇಕೋ ಬಿಡಬೇಕೋ ಎಂದು ತಲೆಯ ಮೇಲೆ ಕೈಯಿಟ್ಟು ಕುಳಿತ ರೈತರು. ಧಾರವಾಡದ ನಮ್ಮ ಮನೆಯ ಮಹಡಿಯಲ್ಲಿ ಏಳೆಂಟು ಗೆಳೆಯರನ್ನು ಕೂಡಿಸಿ ಅದನ್ನು ಗಟ್ಟಿಯಾಗಿ ಓದಿದೆ. ಅರ್ಧ ಮುಗಿಯುವಷ್ಟರಲ್ಲಿ ಇಬ್ಬರು ಮೊಬೈಲ್ ನೋಡುತ್ತಿದ್ದರು. ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿಸಿಕೊಂಡವರು, ಗದಗ ಕಡೆಯ ಕಂಪನಿ ನಾಟಕಗಳಲ್ಲಿ ಬಹಳ ವರ್ಷ ಪ್ರಾಂಪ್ಟರ್ ಆಗಿ ದುಡಿದ, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರೊಬ್ಬರು ಮಾತ್ರ. ಅವರು ಹೇಳಿದ್ದನ್ನು ಆ ರಾತ್ರಿಯೇ ಬರೆದಿಟ್ಟುಕೊಂಡೆ.

“ತಮ್ಮಾ, ಭಾಳ ಚಲೋ ಬರದೀ. ಖರೆ, ನಿನ್ನ ರೈತಗ ಎಲ್ಲಾ ಆಗತೈತಿ, ಅಂವಾ ಏನೂ ಮಾಡಂಗಿಲ್ಲ. ಮಳಿ ಬಂತು, ಎತ್ತು ಸತ್ತಿತು, ದರಾ ಬಿತ್ತು. ಇದ್ರಾಗ ಅಂವಾ ಎಲ್ಲಿ ಅದಾನ?”

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಇನ್ನೂ ಮೂರು ಕರಡುಗಳು ಬೇಕಾದವು.

ಕಥೆ ಸಣ್ಣದು. ಕುಂದಗೋಳ ಸೀಮೆಯ ಕಪ್ಪು ಮಣ್ಣಿನ ರೈತ ಫಕೀರಪ್ಪ ತನ್ನ ತಂದೆಯ ಕಾಲದ ಡಬ್ಬಿ ಮೆಣಸಿನಕಾಯಿಯ ಬೀಜವನ್ನು ಬಿಡದೆ ಕಾಪಾಡಿಕೊಂಡು ಬಂದವನು. ಬ್ಯಾಡಗಿ ಕಾಯಿಯಲ್ಲಿ ಎರಡು ಬಗೆ: ಕಡ್ಡಿ ಉದ್ದ ಮತ್ತು ಸಪೂರ, ಡಬ್ಬಿ ಗಿಡ್ಡ ಮತ್ತು ದುಂಡು. ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣಕ್ಕಾಗಿಯೇ ಬೇಡಿಕೆ, ಆದರೆ ಇಳುವರಿಯಲ್ಲಿ ಅದು ಹೈಬ್ರಿಡ್ ಕಾಯಿಗೆ ಸಾಟಿಯಾಗುವುದಿಲ್ಲ. ಮಗಳು ನೀಲವ್ವ ಲೆಕ್ಕ ಬಲ್ಲವಳು, ಎರಡು ಎಕರೆಯಲ್ಲಿ ಹೈಬ್ರಿಡ್ ಹಾಕಿಸಿದ್ದಾಳೆ. ಸೊಸಾಯಿಟಿಯ ಸಾಲವನ್ನು ಮಾರ್ಚ್ ಮುಗಿಯುವುದರೊಳಗೆ ತುಂಬಬೇಕು. ಅಪ್ಪ ಮತ್ತು ಮಗಳು ಫಸಲು ತೆಗೆದುಕೊಂಡು ಬ್ಯಾಡಗಿಗೆ ಹೋಗುತ್ತಾರೆ.

ಮೊದಲ ಕರಡು ಬಿದ್ದುಹೋದ ಮೇಲೆ ಸ್ವಾಭಾವಿಕವಾಗಿಯೇ ನಾನು ಸೂತ್ರಗಳ ಮೊರೆಹೋದೆ. ಚಿತ್ರಕಥೆ ಕಲಿಸುತ್ತಿದ್ದ ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಪ್ರಕಟಿಸಿದ ಮೂರು ಅಂಕಗಳ ವಿನ್ಯಾಸವನ್ನು ಅಭ್ಯಾಸ ಮಾಡಿದೆ: 120 ಪುಟಗಳ ಚಿತ್ರಕಥೆಯಾದರೆ ಮೊದಲ 30 ಪುಟ ಪೀಠಿಕೆ, ನಡುವಿನ 60 ಪುಟ ಸಂಘರ್ಷ, ಕೊನೆಯ 30 ಪುಟ ಪರಿಹಾರ, ಒಂದು ಅಂಕದಿಂದ ಇನ್ನೊಂದಕ್ಕೆ ಕಥೆಯನ್ನು ತಿರುಗಿಸುವ ಎರಡು ತಿರುವುಗಳು. ಆಮೇಲೆ ಅಲ್ಲಿನ ಚಿತ್ರಕಥೆಗಾರ ಬ್ಲೇಕ್ ಸ್ನೈಡರ್ 2005ರಲ್ಲಿ ಕೊಟ್ಟ 15 ಬೀಟ್‌ಗಳ, ಅಂದರೆ ಕಥೆಯ ಮುಖ್ಯ ಗಳಿಗೆಗಳ, ಪಟ್ಟಿ. ಅದು ಇನ್ನೂ ಕರಾರುವಾಕ್ಕಾದದ್ದು; 110 ಪುಟಗಳಲ್ಲಿ 12ನೆಯ ಪುಟಕ್ಕೆ ಕಥೆಯನ್ನು ಕೆಣಕುವ ಘಟನೆ, 25ಕ್ಕೆ ಎರಡನೆಯ ಅಂಕ, 55ಕ್ಕೆ ನಡುಬಿಂದು, 75ಕ್ಕೆ ಎಲ್ಲವೂ ಕೈತಪ್ಪುವ ಗಳಿಗೆ, 85ಕ್ಕೆ ಮೂರನೆಯ ಅಂಕ. ನಾನು ಈ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಎರಡನೆಯ ಕರಡನ್ನು ಐದು ವಾರಗಳಲ್ಲಿ ಬರೆದೆ. 12ನೆಯ ಪುಟಕ್ಕೆ ಸರಿಯಾಗಿ ಸೊಸಾಯಿಟಿಯ ನೋಟಿಸು ಬಂತು, 75ಕ್ಕೆ ಸರಿಯಾಗಿ ಎತ್ತು ಸತ್ತಿತು.

ಇಲ್ಲಿ ಪುಟದ ಲೆಕ್ಕದ ಬಗ್ಗೆ ಒಂದು ಮಾತು. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಅಳತೆ ಇಂಗ್ಲಿಷಿನ ಕೊರಿಯರ್ 12 ಪಾಯಿಂಟ್ ಅಕ್ಷರಕ್ಕೂ ಅಲ್ಲಿನ ಗೊತ್ತಾದ ಅಂಚುಗಳಿಗೂ ಹೊಂದಿಕೊಂಡದ್ದು. ಕನ್ನಡದಲ್ಲಿ ಟೈಪು ಮಾಡಿದಾಗ, ಅದರಲ್ಲೂ ಎಡಕ್ಕೆ ದೃಶ್ಯ ಬಲಕ್ಕೆ ಮಾತು ಎಂದು ಎರಡು ಕಾಲಮ್ಮಿನಲ್ಲಿ ಬರೆದಾಗ, ಆ ಲೆಕ್ಕ ಕೂಡುವುದಿಲ್ಲ. ಗಡಿಯಾರ ಮುಂದಿಟ್ಟುಕೊಂಡು, ಮೌನಗಳನ್ನೂ ನಡಿಗೆಗಳನ್ನೂ ಎಣಿಸುತ್ತಾ ಓದಿದಾಗ ನನ್ನ ಒಂದು ಪುಟಕ್ಕೆ ಸುಮಾರು ಒಂದೂವರೆ ನಿಮಿಷ ಹಿಡಿಯುತ್ತಿತ್ತು. ಅಂದರೆ ನಾನು ನಿಷ್ಠೆಯಿಂದ 12ನೆಯ ಪುಟಕ್ಕೆ ತಂದಿಟ್ಟ ನೋಟಿಸು ತೆರೆಯ ಮೇಲೆ ಹದಿನೆಂಟನೆಯ ನಿಮಿಷಕ್ಕೆ ಬರುತ್ತಿತ್ತು. ಅಂದಿನಿಂದ ಪುಟದ ಸಂಖ್ಯೆಯನ್ನು ಬಿಟ್ಟು ನಿಮಿಷವನ್ನೇ ಬರೆದುಕೊಳ್ಳುತ್ತೇನೆ.

ಎರಡನೆಯ ಕರಡಿಗೆ ವೇಗ ಬಂದಿತ್ತು, ಜೀವ ಬಂದಿರಲಿಲ್ಲ. ತಪ್ಪು ಪಟ್ಟಿಯದಲ್ಲ, ಬೀಟ್ ಎಂದರೆ ಘಟನೆ ಎಂದು ನಾನು ತಿಳಿದದ್ದೇ ತಪ್ಪು. ಈ ಕಸುಬಿನಲ್ಲಿ ಆ ಶಬ್ದಕ್ಕೆ ಮೂರು ಅರ್ಥಗಳಿವೆ. ಸಂಭಾಷಣೆಯ ನಡುವೆ ಕಂಸದಲ್ಲಿ ಬರೆದರೆ ಅದು ಕ್ಷಣಕಾಲದ ಮೌನ. ನಟರು ಮತ್ತು ನಿರ್ದೇಶಕರಿಗೆ ಅದು ದೃಶ್ಯದ ಒಳಗಿನ ಒಂದು ಸಣ್ಣ ಬದಲಾವಣೆ, ಪಾತ್ರದ ಉದ್ದೇಶ ಹೊರಳುವ ಜಾಗ. ಕಥೆಯ ವಿನ್ಯಾಸ ಮಾಡುವವನಿಗೆ ಅದು ಇಡೀ ಕಥೆಯ ದಿಕ್ಕನ್ನೇ ಹೊರಳಿಸುವ ಗಳಿಗೆ. ಮೂರನ್ನೂ ಕೂಡಿಸುವುದು ಹೊರಳುವಿಕೆ. ಎತ್ತು ಸತ್ತ ಮೇಲೂ ಫಕೀರಪ್ಪ ಮೊದಲಿನ ಫಕೀರಪ್ಪನಾಗಿಯೇ ಉಳಿದಿದ್ದ, ದುಃಖಿತನಾಗಿದ್ದ, ಅಷ್ಟೆ. ಹಾಗಾದರೆ ಎಷ್ಟು ಕಣ್ಣೀರು ತರಿಸಿದರೂ ಅದು ಬೀಟ್ ಆಗಲಾರದು.

ಮೂರನೆಯ ಸಲ ಕಾಗದ ಮತ್ತು ಕತ್ತರಿ ಹಿಡಿದು ಕುಳಿತೆ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಒಂದು ಕಟ್ಟು ಇತ್ತು, ಅವುಗಳ ಹಿಂಬದಿ ದಪ್ಪ ಮತ್ತು ಖಾಲಿ. ಒಂದು ದೃಶ್ಯಗುಚ್ಛಕ್ಕೆ ಒಂದು ಪತ್ರಿಕೆಯಂತೆ 40 ಪತ್ರಿಕೆಗಳನ್ನು ತುಂಬಿಸಿ, ಕೋಣೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಸಿಕ್ಕಿಸಿದೆ. ಪ್ರತಿಯೊಂದರ ಮೇಲ್ಭಾಗದಲ್ಲಿ ಏನಾಗುತ್ತದೆ ಎಂದು ಬರೆದೆ. ಕೆಳಭಾಗದಲ್ಲಿ ಕೆಂಪು ಶಾಯಿಯಿಂದ, ಯಾರು ಏನು ನಿರ್ಧರಿಸಿದರು ಎಂದು. 17 ಪತ್ರಿಕೆಗಳ ಕೆಳಭಾಗ ಖಾಲಿ ಉಳಿಯಿತು. ಆ 17ರಲ್ಲಿ 12, ಕಥೆಯ ನಡುಭಾಗಕ್ಕೆ ಸೇರಿದವು. ಕಾಕಾ ಕೇಳಿದ್ದು ಇದನ್ನೇ.

ನಡುಭಾಗ ಎಲ್ಲ ಬರಹಗಾರರನ್ನೂ ಕಾಡುತ್ತದೆ ಎಂದು ಕೇಳಿದ್ದೆ. ಕನ್ನಡದ ಚಿತ್ರಕಥೆಗೆ ಇನ್ನೊಂದು ಸಂಗತಿ ಸೇರುತ್ತದೆ: ಆ ನಡುಭಾಗವನ್ನು ಇಂಟರ್ವಲ್ ಸೀಳುತ್ತದೆ. ಎರಡು ತಿರುವುಗಳ ನಡುವಿನ ಒಂದೇ ದೀರ್ಘ ಅಂಕ ನಮ್ಮಲ್ಲಿ ಎರಡು ತುಂಡಾಗುತ್ತದೆ, ಪ್ರೇಕ್ಷಕ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬರುತ್ತಾನೆ. ಅವನು ಹೊರಗೆ ಒಯ್ಯುವ ಪ್ರಶ್ನೆ ಗಟ್ಟಿಯಾಗಿರಬೇಕು, ಹಿಂದಿರುಗಿದಾಗ ಎದುರಾಗುವುದು ಅದೇ ಪ್ರಶ್ನೆಯಾಗಿರದೆ ಅದರಿಂದ ಹುಟ್ಟಿದ ಇನ್ನೊಂದಾಗಿರಬೇಕು. ನಮ್ಮವರು ಇಂಟರ್ವಲ್ ಬ್ಲಾಕ್ ಎಂದು ಅದನ್ನು ಪ್ರತ್ಯೇಕವಾಗಿ ಚರ್ಚಿಸುವುದು ಸರಿಯಾಗಿಯೇ ಇದೆ ಎಂದು ಈಗ ನನಗೆ ಅನ್ನಿಸುತ್ತದೆ.

ದಾರಿ ತೋರಿಸಿದ್ದು ಅನಿರೀಕ್ಷಿತವಾಗಿ ಧನಂಜಯನ ದಶರೂಪಕ, 10ನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಸ್ಥಾನದಲ್ಲಿ ರಚಿತವಾದ ಸಂಸ್ಕೃತ ನಾಟಕಶಾಸ್ತ್ರದ ಗ್ರಂಥ. ಭರತನ ನಾಟ್ಯಶಾಸ್ತ್ರದ ಮಾತನ್ನೇ ಸಂಗ್ರಹಿಸಿ ಅದು ಐದು ಸಂಧಿಗಳನ್ನು, ಅಂದರೆ ಕಥೆಯ ಐದು ಘಟ್ಟಗಳನ್ನು, ಹೇಳುತ್ತದೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಕಾಲೇಜಿನಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ಹೆಸರುಗಳು ಅಂದು ನನಗೆ ಏನನ್ನೂ ಹೇಳಿರಲಿಲ್ಲ. ಈ ಸಲ ಗರ್ಭಸಂಧಿಯ ಲಕ್ಷಣದ ಮುಂದೆ ನಿಂತುಬಿಟ್ಟೆ: ಕಂಡು ಕಳೆದುಹೋದ ಬೀಜವನ್ನು ಮತ್ತೆ ಮತ್ತೆ ಹುಡುಕುವುದು. ಇಲ್ಲಿ ಬೀಜವೆಂದರೆ ಇಡೀ ಕಥೆ ಮೊಳೆಯುವ ಮೂಲ. ಮೂರು ಕ್ರಿಯಾಪದಗಳು, ಮೂರಕ್ಕೂ ಒಬ್ಬ ಕರ್ತೃ ಬೇಕು. ಕಷ್ಟಗಳನ್ನು ಒಂದರ ಮೇಲೊಂದು ಪೇರಿಸಿದರೆ ನಡುಭಾಗ ತುಂಬುವುದಿಲ್ಲ. ನಾಯಕನಿಗೆ ಬೇಕಾದದ್ದು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಕಾಣಬೇಕು, ತಪ್ಪಬೇಕು, ತಪ್ಪಿದ್ದನ್ನು ಅವನೇ ಎದ್ದು ಹುಡುಕಬೇಕು, ಹುಡುಕುವ ಆತುರದಲ್ಲಿ ಮತ್ತೊಂದನ್ನು ಕಳೆಯಬೇಕು. ನನ್ನ ಕಥೆಯ ವಸ್ತು ಬೀಜವೇ ಆಗಿದ್ದುದರಿಂದ ಈ ಮಾತು ನನಗೆ ಇನ್ನಷ್ಟು ಆಳವಾಗಿ ತಾಗಿತು.

ಎತ್ತು ಸತ್ತ ದೃಶ್ಯವನ್ನು ಅಂದೇ ತೆಗೆದುಹಾಕಿದೆ. ಅದರ ಬದಲು ನೀಲವ್ವನ ಕೈಯಿಂದ ಒಂದು ಕೆಲಸ ಮಾಡಿಸಿದೆ: ತೂಕ ಹೆಚ್ಚಲೆಂದು ಅಪ್ಪನಿಗೆ ತಿಳಿಯದಂತೆ ಆರು ಚೀಲಗಳ ತಳದಲ್ಲಿ ಡಬ್ಬಿಯ ಜೊತೆ ಹೈಬ್ರಿಡ್ ಕಾಯಿ ಬೆರೆಸುತ್ತಾಳೆ. ಇದೊಂದರಿಂದ ಎರಡನೆಯ ಅರ್ಧ ತಾನಾಗಿಯೇ ಎದ್ದು ನಿಂತಿತು. ಟೆಂಡರಿನ ದರ ಕಡಿಮೆ ಬಂದದ್ದರಿಂದ ಫಕೀರಪ್ಪ ಒಪ್ಪದೆ ಕೋಲ್ಡ್ ಸ್ಟೋರೇಜಿಗೆ ಚೀಲ ಹಾಕುತ್ತಾನೆ. ದರ ಏರುತ್ತದೆ, ಒಬ್ಬ ಖರೀದಿದಾರ ಮೇಲಿನ ಕಾಯಿ ನೋಡಿ ಒಳ್ಳೆಯ ಬೆಲೆಗೆ ಒಪ್ಪುತ್ತಾನೆ. ಕಂಡಿತು. ಚೀಲ ಬಿಚ್ಚಿದಾಗ ಅವನ ಕೈ ತಳಕ್ಕೆ ಇಳಿದು ಬೆರಕೆಯನ್ನು ಹೊರತೆಗೆಯುತ್ತದೆ. ಕಳೆಯಿತು. ತನ್ನ ಮಾಲಿನ ಮೇಲೆ ಅಷ್ಟು ನಂಬಿಕೆಯಿದ್ದ ಫಕೀರಪ್ಪ ಕಳ್ಳನನ್ನು ಹುಡುಕಲು ಹೊರಟು, ತನ್ನ ಚೀಲಗಳನ್ನು ಹೊತ್ತಿದ್ದ ಹಮಾಲನ ಮೇಲೆ ನಾಲ್ಕು ಜನರ ಎದುರು ಆರೋಪ ಹೊರಿಸುತ್ತಾನೆ. ನಿಜ ತಿಳಿಯುವಷ್ಟರಲ್ಲಿ ಅವನು ಕಳೆದುಕೊಂಡದ್ದು ಹಣವನ್ನಷ್ಟೇ ಅಲ್ಲ, ನಿರಪರಾಧಿಯೊಬ್ಬನ ಮುಖವನ್ನು ನೋಡುವ ಧೈರ್ಯವನ್ನು. ಎಲ್ಲವೂ ಕೈತಪ್ಪುವ ಗಳಿಗೆ ಎಂದು ಪಟ್ಟಿ ಹೇಳುತ್ತಿದ್ದುದು ಇದನ್ನೇ ಇರಬೇಕು, ಅದನ್ನು ನಾನು ಎತ್ತಿನ ತಲೆಗೆ ಕಟ್ಟಿದ್ದೆ.

ಇಂಟರ್ವಲ್ಲಿನ ದೃಶ್ಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದೊಡ್ಡ ಬೀಟ್ ಸಣ್ಣ ಬೀಟ್‌ಗಳಿಂದ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಎರಡನೆಯ ಕರಡಿನಲ್ಲಿ ದಲಾಲ ದರ ಹೇಳಿದ ಕೂಡಲೇ ಫಕೀರಪ್ಪ ರೈತನ ಬಾಳಿನ ಬಗ್ಗೆ ಒಂದು ಪುಟ ಮಾತನಾಡುತ್ತಿದ್ದ. ಈಗಿನ ಕರಡಿನಲ್ಲಿ ಹೀಗಿದೆ. ದರದ ಚೀಟಿ ಬರುತ್ತದೆ. ಚಾಳೀಸು ಮರೆತುಬಂದಿರುವ ಅವನು ಅದನ್ನು ಮಗಳ ಕೈಗೆ ಕೊಡುತ್ತಾನೆ. ಅವಳು ಓದುತ್ತಾಳೆ, ಬಾಯಿಂದ ಸಂಖ್ಯೆ ಹೊರಡುವುದಿಲ್ಲ. ಅವಳ ಮುಖದಿಂದಲೇ ದರ ತಿಳಿದ ಅವನು ತನ್ನ ಲಾಟಿನ ಬಳಿ ಹೋಗಿ, ಖರೀದಿದಾರ ಮುರಿದು ಎಸೆದಿದ್ದ ಒಂದು ಕಾಯಿಯ ಎರಡೂ ಹೋಳುಗಳನ್ನು ನೆಲದಿಂದ ಆರಿಸಿ, ಟವೆಲ್ಲಿನಿಂದ ಧೂಳು ಒರೆಸಿ, ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಲು ಶುರುಮಾಡುತ್ತಾನೆ.

ದಲಾಲ: “ಯಾಕ್ರೀ ಯಜಮಾನ್ರ?”

ಫಕೀರಪ್ಪ: “ಸುತಳಿ ಸಾಲಂಗಿಲ್ಲ. ಇನ್ನೊಂದೀಟು ಕೊಡ್ರಿ.”

ನಿರಾಕರಣೆಯ ಮಾತೇ ಇಲ್ಲದೆ ನಿರಾಕರಣೆ ಮುಗಿಯಿತು. ಅವನು ಮುಂದಿನ ಚೀಲಕ್ಕೆ ಕೈಹಾಕುವಾಗ ನೀಲವ್ವ ಓಡಿಬಂದು, “ಬಿಡಪ್ಪಾ, ಅವನ್ನ ನಾ ಕಟ್ಟತೇನಿ” ಎನ್ನುತ್ತಾಳೆ. ಮೊದಲ ಸಲ ನೋಡುವವರಿಗೆ ಅದು ಮಗಳ ಕಕ್ಕುಲತೆ. ಎರಡನೆಯ ಅರ್ಧದಲ್ಲಿ ಅದೇ ಮಾತು ನೆನಪಾದಾಗ ಅವಳು ಯಾವ ಚೀಲಗಳನ್ನು ಮುಚ್ಚುತ್ತಿದ್ದಳು ಎಂಬುದು ಹೊಳೆಯಬೇಕು. ಇಡೀ ದೃಶ್ಯಕ್ಕೆ ಗಡಿಯಾರದ ಪ್ರಕಾರ ಎರಡು ನಿಮಿಷ ಹತ್ತು ಸೆಕೆಂಡು. ಹಳೆಯದು ಐದು ನಿಮಿಷ ದಾಟುತ್ತಿತ್ತು.

ಅದೇ ಗ್ರಂಥದಿಂದ ಇನ್ನೊಂದು ಪರಿಕರವನ್ನೂ ತೆಗೆದುಕೊಂಡೆ. ಅವಾಂತರ ಸಂಗತಿಗಳಿಂದ ಮುಖ್ಯ ಕಥೆ ಕಡಿದಂತಾದಾಗ ಅದನ್ನು ಕಡಿಯಗೊಡದೆ ಹಿಡಿದಿಡುವುದಕ್ಕೆ ಬಿಂದು ಎಂದು ಹೆಸರು. ನೀರಿನ ಮೇಲಿನ ಎಣ್ಣೆಯ ಹನಿಯಂತೆ ಹರಡುವುದರಿಂದ ಆ ಹೆಸರು ಎಂದು ವ್ಯಾಖ್ಯಾನ ಹೇಳುತ್ತದೆ. ಫಕೀರಪ್ಪನ ಮನೆಯ ಜಂತಿಗೆ ಬೀಜದ ಕಾಯಿಗಳ ಸರವೊಂದು ತೂಗುತ್ತಿರುತ್ತದೆ. ಕಥೆ ಬ್ಯಾಡಗಿಗೆ ಹೋದ ಮೇಲೆ ಮನೆಯೇ ಕಾಣುವುದಿಲ್ಲ, ಆದ್ದರಿಂದ ಹೊರಡುವಾಗ ಅವನು ಆ ಸರದಿಂದ ಎರಡು ಕಾಯಿ ಬಿಡಿಸಿ ಅಂಗಿಯ ಕಿಸೆಯಲ್ಲಿ ಹಾಕಿಕೊಳ್ಳುವಂತೆ ಮಾಡಿದೆ. ಇಪ್ಪತ್ತು ನಿಮಿಷಕ್ಕೊಮ್ಮೆಯಾದರೂ ಅವನ ಕೈ ಆ ಕಿಸೆಯನ್ನು ಮುಟ್ಟಬೇಕೆಂದು ಪತ್ರಿಕೆಗಳ ಮೇಲೆ ಹಸಿರು ಚುಕ್ಕೆ ಇಟ್ಟುಕೊಂಡೆ. ಎಲ್ಲಿ ಚುಕ್ಕೆಗಳು ದೂರ ದೂರ ಬಿದ್ದವೋ ಅಲ್ಲೆಲ್ಲ ಕಥೆ ನಿಜವಾಗಿಯೂ ದಾರಿ ತಪ್ಪಿತ್ತು. ಗುಂಟೂರಿನ ಲಾರಿ ಡ್ರೈವರನೊಬ್ಬನ ಪ್ರಸಂಗ ಅಂಥದ್ದು. ನನಗೆ ಬಹಳ ಪ್ರಿಯವಾಗಿದ್ದ ಒಂಬತ್ತು ಪುಟಗಳು. ಬಂದು ಹೋಗುವ ಸಣ್ಣ ಪ್ರಸಂಗವನ್ನು ಶಾಸ್ತ್ರ ಪ್ರಕರೀ ಎಂದು ಕರೆಯುತ್ತದೆ, ಆ ಮಿತಿಯನ್ನು ಅದು ಮೀರಿತ್ತು. ಒಂದು ಪುಟಕ್ಕೆ ಇಳಿಸಿದೆ.

ನಾಲ್ಕನೆಯ ಕರಡು 71 ಪುಟ, ಗಡಿಯಾರದಲ್ಲಿ 106 ನಿಮಿಷ. ಹಗ್ಗದ ಮೇಲೆ ಈಗಲೂ ಪತ್ರಿಕೆಗಳು ತೂಗುತ್ತಿವೆ, 31 ಮತ್ತು 32 ಬಿಟ್ಟರೆ ಎಲ್ಲದರ ಕೆಳಗೂ ಕೆಂಪು ಅಕ್ಷರವಿದೆ. 31ರಲ್ಲಿ ನೀಲವ್ವ ಮಾರುಕಟ್ಟೆಯ ನಡುವೆ ನಿಂತು ತಪ್ಪು ತನ್ನದೆಂದು ಹೇಳುತ್ತಾಳೆ. 32ರಲ್ಲಿ ಫಕೀರಪ್ಪ ಹಮಾಲನ ಮನೆಗೆ ಹೋಗಿ ಕ್ಷಮೆ ಕೇಳುತ್ತಾನೆ. ಹೋದ ಭಾನುವಾರ ಕಾಕಾರಿಗೆ ಇಷ್ಟನ್ನೇ ಓದಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟು, “ತಮ್ಮಾ, ಮಗಳು ಎಲ್ಲಾ ಒಪ್ಪಿಕೊಂಡ ಮ್ಯಾಲ ಅಪ್ಪ ಹೋಗೂದು ದೊಡ್ಡದಲ್ಲ. ಅಕಿ ಬಾಯಿ ಬಿಡೂದ್ರೊಳಗ ಅಂವಾ ಹೋದ್ರ?” ಎಂದರು. ಅವನಿಗೆ ನಿಜ ಗೊತ್ತಾಗಿರುತ್ತದೆ, ಮಗಳು ಮಾತ್ರ ಅದನ್ನು ಇನ್ನೂ ಹೇಳಿರುವುದಿಲ್ಲ. ಅವಳ ಹೆಸರನ್ನು ಎತ್ತದೆ ಹಮಾಲನ ಮುಂದೆ ಅವನು ಏನೆಂದು ಕ್ಷಮೆ ಕೇಳುತ್ತಾನೆ? ಆ ಎರಡು ಪತ್ರಿಕೆಗಳನ್ನು ಕ್ಲಿಪ್ಪಿನಿಂದ ಬಿಡಿಸಿ ಅದಲುಬದಲಾಗಿ ಸಿಕ್ಕಿಸಿದ್ದೇನೆ, ಅವುಗಳ ಮುಂದಿನ ಎಂಟನ್ನೂ ಹಗ್ಗದಿಂದ ಇಳಿಸಿಕೊಂಡು ಮತ್ತೆ ಬರೆಯುತ್ತಿದ್ದೇನೆ.