ಬೊಲೋನ್ಯಾಗೆ ಹೊಸದಾಗಿ ಬಂದಿದ್ದೀರಾ? ಮೊದಲು ರವೆನ್ನಾದ ಸಾನ್ ವಿಟಾಲೆ ನೋಡಿ

ಇಟಲಿಯ ಬೊಲೋನ್ಯಾಗೆ ಓದಲು, ಕೆಲಸಕ್ಕೆ ಬಂದ ನಮ್ಮವರು ಮೊದಲ ರಜೆ ಸಿಕ್ಕ ಕೂಡಲೇ ವೆನಿಸ್, ಫ್ಲಾರೆನ್ಸ್ ಅಂತ ಹೊರಡುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ದಿನ ರವೆನ್ನಾಕ್ಕೆ ಹೋಗಿ ಬನ್ನಿ. ಪ್ಯಾಸೆಂಜರ್ ರೈಲಿನಲ್ಲಿ ಹೆಚ್ಚುಕಮ್ಮಿ ಒಂದೂಕಾಲು ಗಂಟೆ. ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮುಂಚೆ ಸ್ಟೇಷನ್ನಿನ ಯಂತ್ರದಲ್ಲಿ ಮುದ್ರೆ ಹಾಕಿಸಿ, ಮರೆತರೆ ದಂಡ ಬೀಳುತ್ತದೆ. ಇಳಿದ ಮೇಲೆ ಬಸ್ ಬೇಡ, ನಡೆದೇ ಹೋಗಬಹುದು.

ಸಾನ್ ವಿಟಾಲೆ ಚರ್ಚನ್ನು ಹೊರಗಿನಿಂದ ನೋಡಿದರೆ 'ಇದೇನಾ?' ಅನ್ನಿಸಬಹುದು. ಬರೀ ಇಟ್ಟಿಗೆ. ಬಣ್ಣವಿಲ್ಲ, ಶಿಲ್ಪವಿಲ್ಲ. ಆದರೂ ಒಮ್ಮೆ ಸುತ್ತು ಹಾಕಿ. ಕಟ್ಟಡ ಎಂಟು ಮೂಲೆಯದು. ಗೋಡೆಗೆ ಆನಿಸಿ ಕಟ್ಟಿದ ಆಸರೆಗಳು ಕಾಣುತ್ತವೆ. ಮೇಲಿನ ಭಾರ ಗೋಡೆಯನ್ನು ಹೊರಕ್ಕೆ ತಳ್ಳದಂತೆ ಅವು ಹಿಡಿದಿವೆ.

ಕೆಲಸ ಶುರುವಾಗಿದ್ದು 526ರ ಹೊತ್ತಿಗೆ, ಬಿಷಪ್ ಎಕ್ಲೇಸಿಯುಸ್ ಕಾಲದಲ್ಲಿ. ಆಗ ಊರು ಗಾಥರು ಎಂಬ ಜರ್ಮಾನಿಕ್ ಜನರ ಕೈಯಲ್ಲಿತ್ತು. 540ರಲ್ಲಿ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಸೇನಾಪತಿ ಬೆಲಿಸಾರಿಯುಸ್ ರವೆನ್ನಾವನ್ನು ಗೆದ್ದ. 547ರಲ್ಲಿ ಬಿಷಪ್ ಮಾಕ್ಸಿಮಿಯಾನುಸ್ ಚರ್ಚನ್ನು ಪ್ರತಿಷ್ಠೆ ಮಾಡಿದ. ಬಾದಾಮಿಯಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ್ದು 543ರಲ್ಲಿ. ಕಾಲ ಲೆಕ್ಕ ಹಾಕಲು ನನಗೆ ಇದು ಅನುಕೂಲ, ಅದಕ್ಕೇ ಹೇಳಿದೆ. ದುಡ್ಡು ಕೊಟ್ಟವನು ರಾಜನಲ್ಲ, ಜೂಲಿಯುಸ್ ಅರ್ಜೆಂತಾರಿಯುಸ್ ಎಂಬ ಲೇವಾದೇವಿಗಾರ. 26,000 ಚಿನ್ನದ ನಾಣ್ಯ ಖರ್ಚಾಯಿತು ಅಂತ ಇದೇ ಊರಿನ ಚರಿತ್ರೆಕಾರ ಆಗ್ನೆಲ್ಲುಸ್ 9ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ.

ಒಳಗೆ ಹೋದ ತಕ್ಷಣ ಫೋನ್ ತೆಗೆಯಬೇಡಿ. ಮೊದಲು ನಡುವೆ ನಿಲ್ಲಿ. ಎಂಟು ದಪ್ಪ ಆಧಾರ ಕಂಬಗಳು ಗುಮ್ಮಟವನ್ನು ಹೊತ್ತಿವೆ. ಅವುಗಳ ನಡುವೆ ಅರ್ಧವೃತ್ತದಲ್ಲಿ ಎರಡು ಅಂತಸ್ತಿನ ಕಂಬಗಳು. ಕಂಬದ ತಲೆಯ ಬೋದಿಗೆಗಳನ್ನು ಹತ್ತಿರದಿಂದ ನೋಡಿ, ಅಮೃತಶಿಲೆಯನ್ನು ಲೇಸ್ ಹೆಣೆದಂತೆ ಕೊರೆದಿದ್ದಾರೆ. ಗುಮ್ಮಟ ಮಾಡಿದ್ದು ಕಲ್ಲಿನಿಂದಲ್ಲ. ಸುಟ್ಟ ಮಣ್ಣಿನ ಟೊಳ್ಳು ಕೊಳವೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಸೇರಿಸುತ್ತಾ ಸುತ್ತಿದ್ದಾರೆ. ಜೌಗು ನೆಲದ ಊರಿನಲ್ಲಿ ಭಾರ ಕಡಿಮೆ ಆದಷ್ಟೂ ಒಳ್ಳೆಯದು, ಅಲ್ವಾ? ಗುಮ್ಮಟದೊಳಗಿನ ಚಿತ್ರಗಳು ಮಾತ್ರ 18ನೇ ಶತಮಾನದವು. ಅವಕ್ಕೆ ಜಾಸ್ತಿ ಹೊತ್ತು ಕೊಡಬೇಡಿ.

ಹೊತ್ತು ಕೊಡಬೇಕಾದದ್ದು ಬಲಿಪೀಠದ ಕಡೆಗೆ. ಅಲ್ಲಿ ಗೋಡೆ, ಚಾವಣಿ ಎಲ್ಲ ಮೊಸಾಯಿಕ್, ಅಂದರೆ ಬಣ್ಣದ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ. ಚಿನ್ನದ ಬಣ್ಣದ ಒಂದೊಂದು ಚೂರೂ ಎರಡು ಗಾಜಿನ ನಡುವೆ ಚಿನ್ನದ ತಗಡು ಇಟ್ಟು ಮಾಡಿದ್ದು. ಚೂರುಗಳನ್ನು ಒಂದೇ ಸಮ ಕೂರಿಸಿಲ್ಲ, ಸ್ವಲ್ಪ ಸ್ವಲ್ಪವೇ ಓರೆಯಾಗಿಸಿದ್ದಾರೆ. ನೀವು ಎರಡು ಹೆಜ್ಜೆ ಸರಿದರೆ ಹೊಳಪೂ ಸರಿಯುತ್ತದೆ. ಫೋಟೋದಲ್ಲಿ ಇದು ಸಿಗುವುದಿಲ್ಲ.

ಎಡಗಡೆ ಗೋಡೆಯಲ್ಲಿ ಬೈಜಾಂಟಿಯಂ ಚಕ್ರವರ್ತಿ ಜಸ್ಟಿನಿಯನ್, ಎದುರು ಗೋಡೆಯಲ್ಲಿ ಅವನ ರಾಣಿ ಥಿಯೊಡೋರಾ. ಇಬ್ಬರೂ ರವೆನ್ನಾಕ್ಕೆ ಬಂದವರೇ ಅಲ್ಲ. ಆಳ್ವಿಕೆ ಯಾರದು ಎಂದು ಊರಿಗೆ ತಿಳಿಸಲು ಚಿತ್ರವೇ ಸಾಕಾಗಿತ್ತು. ಜಸ್ಟಿನಿಯನ್ ಪಕ್ಕದ ಬಿಷಪ್ಪನ ತಲೆಯ ಮೇಲೆ ಮಾತ್ರ ಹೆಸರು ಬರೆದಿದೆ: ಮಾಕ್ಸಿಮಿಯಾನುಸ್. ಪಾದ ನೋಡಿದರೆ ಬಿಷಪ್ ಮುಂದೆ, ಚಕ್ರವರ್ತಿಯ ಕೈಯಲ್ಲಿನ ತಟ್ಟೆ ನೋಡಿದರೆ ಅವನೇ ಮುಂದೆ. ಯಾರು ಮುಂದೆ ಎಂದು ಮೊಸಾಯಿಕ್ ಮಾಡಿದವರು ತೀರ್ಮಾನ ಕೊಡಲಿಲ್ಲ.

ಥಿಯೊಡೋರಾ ಕರಡಿ ಸಾಕುವವನ ಮಗಳು, ರಂಗದ ಮೇಲೆ ಬೆಳೆದವಳು. ಅವಳ ನೇರಳೆ ನಿಲುವಂಗಿಯ ಅಂಚು ನೋಡಲು ಮರೆಯಬೇಡಿ. ನಾನು ನಾಲ್ಕು ಸಲ ಹೋದರೂ ಗಮನಿಸಿರಲಿಲ್ಲ. ಅಮ್ಮ ಬಂದಾಗ ಮೊದಲು ಕಣ್ಣಿಟ್ಟದ್ದು ಅಲ್ಲಿಗೇ. 'ಅಂಚಿನೊಳಗೆ ಮೂರು ಜನ ಇದ್ದಾರಲ್ಲೋ' ಅಂದರು. ಬಾಲಯೇಸುವಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳು ಅವರು. ರಾಣಿಯ ಕೈಯಲ್ಲೂ ಕಾಣಿಕೆಯ ಬಟ್ಟಲಿದೆ.

ಟಿಕೆಟ್ ಬಗ್ಗೆ ಒಂದು ಮಾತು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಉಚಿತ ಪ್ರವೇಶವಿದೆ. ಸಾನ್ ವಿಟಾಲೆ ಸರ್ಕಾರದ್ದಲ್ಲ, ಚರ್ಚಿನ ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಆ ಸೌಲಭ್ಯ ಇಲ್ಲಿಲ್ಲ. ಒಂದೇ ಟಿಕೆಟ್ಟಿನಲ್ಲಿ ಊರಿನ ಇನ್ನೂ ಕೆಲವು ಜಾಗಗಳು ಸೇರುತ್ತವೆ. ಅದೇ ಆವರಣದಲ್ಲಿರುವ, ಗಲ್ಲಾ ಪ್ಲಾಚಿದಿಯಾ ಎಂಬ ರೋಮನ್ ರಾಣಿಯ ಹೆಸರಿನ ಸಮಾಧಿಗೆ ಹೊತ್ತು ಗೊತ್ತುಮಾಡಿಕೊಳ್ಳಬೇಕು, ಆನ್‌ಲೈನಿನಲ್ಲೇ ಮಾಡಿಕೊಳ್ಳಿ. ಅದು ಇನ್ನೂ ಹಳೆಯದು, 5ನೇ ಶತಮಾನದ್ದು. ಕಿಟಕಿಗೆ ಗಾಜಲ್ಲ, ಬೆಳಕು ಇಳಿಯುವಷ್ಟು ತೆಳುವಾದ ಕಲ್ಲಿನ ಹಲಗೆ. ಒಳಗೆ ಕತ್ತಲೆ ಇರುತ್ತದೆ. ಬಾಗಿಲ ಬಳಿಯೇ ನಿಂತು ಕಣ್ಣು ಹೊಂದಿಕೊಳ್ಳಲು ಬಿಡಿ. ಆಮೇಲೆ ತಲೆ ಎತ್ತಿ, ಕಡುನೀಲಿ ಚಾವಣಿಯ ಚಿನ್ನದ ನಕ್ಷತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ.